ಅಸಾಧಾರಣರ ಕ್ಯೂ

ಕರ್ಣಪರ್ವದಲ್ಲಿ ಅಣ್ಣನನ್ನು ಬಾಯಿಗೆ ಬಂದಂತೆ ಹಳಿದು, ಆ ಪಾಪಕ್ಕೆ ಪ್ರಾಣ ಬಿಡಲು ಹೊರಟ ಅರ್ಜುನನಿಗೆ ಕೃಷ್ಣ ಸುಲಭದ ದಾರಿಯೊಂದನ್ನು ತೋರಿಸುತ್ತಾನೆ: ನಿನ್ನನ್ನು ನೀನೇ ಹೊಗಳಿಕೋ, ಸತ್ತದ್ದಕ್ಕೆ ಸಮ. ಅಮೆರಿಕದಲ್ಲಿ ಪಾಠ ಹೇಳುವ ನಮ್ಮ ಕಡೆಯ ಪ್ರೊಫೆಸರು ಗ್ರೀನ್ ಕಾರ್ಡಿಗೆ ಅರ್ಜಿ ಹಾಕುವಾಗ ಹೀಗೆ ನೂರಾರು ಪುಟ ಸಾಯಬೇಕಾಗುತ್ತದೆ. ಅಲ್ಲಿನ 1990ರ ವಲಸೆ ಕಾನೂನು ಉದ್ಯೋಗದ ಆಧಾರದ ಅರ್ಜಿಗಳನ್ನು ದರ್ಜೆಗಳಾಗಿ ವಿಂಗಡಿಸಿದೆ. ಮೊದಲ ದರ್ಜೆ ಅಸಾಧಾರಣರಿಗೆ. ನೊಬೆಲ್‌ನಂಥದ್ದು ಕೈಯಲ್ಲಿದ್ದರೆ ಸರಿ, ಇಲ್ಲವಾದರೆ ಹತ್ತು ಲಕ್ಷಣಗಳಲ್ಲಿ ಮೂರನ್ನಾದರೂ ತೋರಿಸಬೇಕು. ವಿಶ್ವವಿದ್ಯಾಲಯವೇ ಮುಂದೆ ನಿಂತು ಇವರು ಶ್ರೇಷ್ಠ ಪ್ರಾಧ್ಯಾಪಕರು ಎಂದು ಅರ್ಜಿ ಹಾಕಿದರೆ ಆರರಲ್ಲಿ ಎರಡು ಸಾಕು. ಹತ್ತರ ಪಟ್ಟಿ ಗಣಿತಜ್ಞ, ಕುಸ್ತಿಪಟು, ಗಾಯಕ ಎಲ್ಲರಿಗೂ ಒಂದೇ: ಬಹುಮಾನ, ಪತ್ರಿಕೆಯಲ್ಲಿ ಬಂದ ಸುದ್ದಿ, ದೊಡ್ಡ ಸಂಬಳ, ಗಲ್ಲಾಪೆಟ್ಟಿಗೆಯ ಗಳಿಕೆ ಕೂಡ. ಕೊನೆಯ ಎರಡನ್ನು ಬ್ರಹ್ಮ ಮೇಷ್ಟರ ಹಣೆಯಲ್ಲಿ ಬರೆದಿಲ್ಲ. ಆದರೆ ಇತರರ ಕೆಲಸಕ್ಕೆ ತೀರ್ಪುಗಾರನಾಗಿರುವುದೂ ಒಂದು ಲಕ್ಷಣವಂತೆ. ಜರ್ನಲ್ ಸಂಪಾದಕರ ಕಾಟ ತಾಳಲಾರದೆ, ನಯಾಪೈಸೆ ಸಂಭಾವನೆಯಿಲ್ಲದೆ, ಗೊಣಗಿಕೊಂಡು ಓದಿ ತಿದ್ದಿಕೊಟ್ಟ ಲೇಖನಗಳೆಲ್ಲ ಈಗ ಏಕಾಏಕಿ ನ್ಯಾಯಪೀಠದ ಗೌರವ ಪಡೆಯುತ್ತವೆ. ಸಂಪಾದಕರು ಥ್ಯಾಂಕ್ಸ್ ಎಂದು ಕಳಿಸಿದ ಒಂದೊಂದು ಸಾಲಿನ ಇಮೇಲೂ ಪ್ರಿಂಟಾಗಿ, ನಂಬರ್ ಹಾಕಿಸಿಕೊಂಡು ಫೈಲು ಸೇರುತ್ತದೆ. ಇದರ ಮೇಲೆ ಹಿರಿಯ ವಿದ್ವಾಂಸರ ಶಿಫಾರಸು ಪತ್ರಗಳು. ಅರ್ಜಿದಾರರ ಮುಖವನ್ನೇ ನೋಡದವರು ಬರೆದರೆ ಅವುಗಳ ತೂಕ ಹೆಚ್ಚು. ಕರಡು ಅನೇಕ ಸಲ ಅರ್ಜಿದಾರರ ಮೇಜಿನಿಂದಲೇ ಹೊರಡುತ್ತದೆಂಬುದು ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ಉಪಯುಕ್ತ ಎಂದು ಸಂಕೋಚದಿಂದ ಬರೆದ ಕಡೆ ವಕೀಲರು ಯುಗಪ್ರವರ್ತಕ ಎಂದು ತಿದ್ದುತ್ತಾರೆ.

ಸರ್ಕಾರ ಮತ್ತೆ ಹೇಗೆ ಪರೀಕ್ಷಿಸಬೇಕು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಫೈಲು ನೋಡುವ ಅಧಿಕಾರಿ ಟೊಪಾಲಜಿ ಓದಿಕೊಂಡವನಲ್ಲ, ಓದಿಕೊಂಡಿರಬೇಕೆಂದೂ ಇಲ್ಲ. ಕಾಗದ ನೋಡಿಯೇ ಅವನು ನಂಬಬೇಕು. ಆದ್ದರಿಂದ ಆತ್ಮಸ್ತುತಿಯ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಆಮೇಲಿನದರ ಬಗ್ಗೆ. ಒಬ್ಬ ವ್ಯಕ್ತಿ ತನ್ನ ಕ್ಷೇತ್ರದ ತುದಿಯಲ್ಲಿರುವ ಕೆಲವೇ ಮಂದಿಯಲ್ಲಿ ಒಬ್ಬನೆಂದು ಸರ್ಕಾರವೇ ಮೊಹರು ಒತ್ತಿ ಒಪ್ಪುತ್ತದೆ, ಒಪ್ಪಿದ ಮರುಕ್ಷಣ ಕೇಳುತ್ತದೆ: ಅದಿರಲಿ, ತಾವು ಹುಟ್ಟಿದ್ದೆಲ್ಲಿ? ಉದ್ಯೋಗದ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 1,40,000 ಕಾರ್ಡು. ಹೆಂಡತಿ ಮಕ್ಕಳೂ ಅದರಲ್ಲೇ. ಒಂದೊಂದು ದೇಶಕ್ಕೆ ಶೇ. 7ರ ಮಿತಿ. ಐಸ್‌ಲ್ಯಾಂಡಿಗೂ ಏಳು, ಇಂಡಿಯಾಕ್ಕೂ ಏಳು. ಬೇರೆಯವರು ಬಿಟ್ಟು ಉಳಿದರೆ ಇನ್ನೊಂದಿಷ್ಟು. ಎರಡನೇ ದರ್ಜೆಯ ಭಾರತೀಯರ ಸರತಿ ಹತ್ತು ವರ್ಷಕ್ಕೂ ಉದ್ದ. ಅಸಾಧಾರಣರಿಗೂ ಈಗ ಕ್ಯೂ ಇದೆ. ಯಾವ ತಾರೀಕಿನ ಅರ್ಜಿಯವರು ಒಳಗೆ ಬರಬಹುದೆಂದು ತಿಂಗಳಿಗೊಮ್ಮೆ ಪ್ರಕಟಣೆ ಹೊರಡುತ್ತದೆ, ಆ ತಾರೀಕು ಒಮ್ಮೊಮ್ಮೆ ಹಿಂದಕ್ಕೂ ನಡೆಯುತ್ತದೆ. ನಡುವೆ ಕೆನಡಾದ ಪೌರತ್ವ ಪಡೆದರೂ ಪ್ರಯೋಜನವಿಲ್ಲ, ಲೆಕ್ಕ ಪಾಸ್‌ಪೋರ್ಟಿನದಲ್ಲ, ತೊಟ್ಟಿಲಿನದು. 1920ರಲ್ಲಿ ಹೂವಿನಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಪಿಟ್ಸ್‌ಬರ್ಗ್, ಪೆನ್ ಸ್ಟೇಟ್‌ಗಳಲ್ಲಿ ಕಲಿಸಿ ಆ ದೇಶದ ರಾಷ್ಟ್ರೀಯ ವಿಜ್ಞಾನ ಪದಕವನ್ನೇ ಪಡೆದವರು. ಅವರು ಇವತ್ತು ಅರ್ಜಿ ಹಾಕಿದ್ದರೆ ಕ್ರಾಮರ್-ರಾವ್ ಸೂತ್ರ ಒಂದು ಪಕ್ಕಕ್ಕೆ, ಹೂವಿನಹಡಗಲಿ ಇನ್ನೊಂದು ಪಕ್ಕಕ್ಕೆ. ತಕ್ಕಡಿ ವಾಲುವುದು ಹಡಗಲಿಯ ಕಡೆಗೇ.

ಇಷ್ಟೆಲ್ಲ ಹುಟ್ಟಿನ ಮೇಲೆ ನಿಂತಿರುವಾಗ ಹುಟ್ಟಿದ್ದಕ್ಕೆ ಸಾಕ್ಷಿ ಬೇಡವೇ? 1969ರಲ್ಲೇ ಜನನ ಮರಣ ನೋಂದಣಿ ಕಾಯ್ದೆ ಬಂದರೂ ನಮ್ಮ ಹಳ್ಳಿಗಳ ಎಷ್ಟೋ ಹೆರಿಗೆಗಳು ಸೂಲಗಿತ್ತಿಯ ನೆನಪಿನಲ್ಲಷ್ಟೇ ದಾಖಲಾದವು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ತಾರೀಕಾದರೋ, ಶಾಲೆಗೆ ಸೇರಿಸುವ ದಿನ ಹೆಡ್‌ಮೇಷ್ಟರು ಹುಡುಗನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಜೂನ್ ಒಂದಕ್ಕೆ ಕೂಡಿಸಿಕೊಟ್ಟದ್ದು. ಆದ್ದರಿಂದ ಜನನ ದಾಖಲೆ ಲಭ್ಯವಿಲ್ಲ ಎಂಬ ಪ್ರಮಾಣಪತ್ರ ತರಬೇಕು, ಕಣ್ಣಾರೆ ಕಂಡ ಇಬ್ಬರಿಂದ ಅಫಿಡವಿಟ್ ಮಾಡಿಸಬೇಕು. ಮೂರು ಖಂಡಗಳ ವಿದ್ವಾಂಸರು ಯುಗಪ್ರವರ್ತಕನೆಂದು ಸಹಿ ಹಾಕಿದವನು ಹುಟ್ಟಿದ್ದಂತೂ ನಿಜ ಎಂದು ಊರಿನ ಸೋದರತ್ತೆ ನೋಟರಿಯ ಮುಂದೆ ಹೆಬ್ಬೆಟ್ಟು ಒತ್ತುತ್ತಾಳೆ. ಇಡೀ ಫೈಲಿನಲ್ಲಿ ಕರಡು ತಿದ್ದಿಸಿಕೊಳ್ಳದ ಹೇಳಿಕೆ ಬಹುಶಃ ಅದೊಂದೇ.

ದೇಶಕ್ಕೆ ಶೇ. 7 ಎಂಬ ಮಿತಿ ಇರುವುದು ಒಂದೇ ದೇಶದವರು ಎಲ್ಲವನ್ನೂ ಬಾಚಿಕೊಳ್ಳದಿರಲಿ ಎಂದು, ಎನ್ನುತ್ತಾರೆ ಸಮರ್ಥಕರು. ಅದಕ್ಕೂ ಇತಿಹಾಸದ ಬಲವಿದೆ. 1924ರ ಕಾನೂನು ಏಷ್ಯಾದವರಿಗೆ ಬಾಗಿಲನ್ನೇ ಹಾಕಿತ್ತು, 1946ರಲ್ಲಿ ತೆರೆದಾಗಲೂ ಭಾರತಕ್ಕೆ ಸಿಕ್ಕಿದ್ದು ವರ್ಷಕ್ಕೆ 100 ಜಾಗ, 1965ರ ಕಾನೂನು ಬಂದ ಮೇಲೆಯೇ ಎಲ್ಲ ದೇಶಗಳೂ ಒಂದೇ ಪಂಕ್ತಿಯಲ್ಲಿ ಕೂತದ್ದು. ಒಪ್ಪೋಣ. ಆದರೆ ದೇಶಗಳನ್ನು ಎಣಿಸುವುದಾದರೆ ದೇಶಗಳನ್ನೇ ಎಣಿಸಲಿ, ಬಡ ಮೇಷ್ಟರಿಂದ ನೂರಾರು ಪುಟ ಆತ್ಮಸ್ತುತಿ ಬರೆಸುವುದು ಯಾಕೆ? ವ್ಯಕ್ತಿಯನ್ನು ಅಳೆಯುವುದಾದರೆ ತೊಟ್ಟಿಲಿನ ವಿಳಾಸ ಯಾಕೆ? ವಲಸೆಶಾಸ್ತ್ರಿಗಳು ಇದಕ್ಕೂ ಪರಿಹಾರವಿದೆ ಎನ್ನಬಹುದು, ಇದೆ ಕೂಡ. ಹೆಂಡತಿ ಬೇರೆ ದೇಶದಲ್ಲಿ ಹುಟ್ಟಿದ್ದರೆ ಗಂಡನೂ ಆ ದೇಶದ ಸಾಲಿನಲ್ಲಿ ನಿಲ್ಲಬಹುದು. ಅಂದಮೇಲೆ ಮದುವೆಯಾಗದ ಪ್ರೊಫೆಸರನಿಗೆ ಇನ್ನೊಂದು ಸಂಶೋಧನ ಲೇಖನಕ್ಕಿಂತ ಮಂಗಳೂರು ಮನೆತನದ, ಆದರೆ ಕುವೈತಿನ ಆಸ್ಪತ್ರೆಯಲ್ಲಿ ಹುಟ್ಟಿದ ಹುಡುಗಿಯೇ ಮೇಲು. ಜಾತಕದಲ್ಲಿ ಜನ್ಮಸ್ಥಳದ ಕಾಲಂ ಮೊದಲಿನಿಂದಲೂ ಇದೆ, ಹೊಸದಾಗಿ ಏನೂ ಸೇರಿಸಬೇಕಿಲ್ಲ. ಅಲ್ಲಿ ಕುವೈತ್ ಎಂದಿದ್ದರೆ 36ರಲ್ಲಿ 9 ಗುಣ ಕೂಡಿದರೂ ಜೋಯಿಸರು ಸುಮ್ಮನೆ ಮುಹೂರ್ತ ಇಟ್ಟುಕೊಡಬಹುದು.