ಗುರುಕಾಣಿಕೆ ಮೀಮಾಂಸೆ: ಕಪಿಲೆ–ಕಾವೇರಿ ಸೀಮೆಯ ಒಂದು ಶಾಸ್ತ್ರೀಯ ಅಧ್ಯಯನ

ಯಾವ ಶಾಸ್ತ್ರವಾದರೂ ಶುರುವಾಗುವ ಮುನ್ನ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಅನುಬಂಧಗಳನ್ನು ಹೇಳಿ ಮುಗಿಸಬೇಕೆಂಬುದು ಹಿಂದಿನವರ ಕಟ್ಟಳೆ. ಅದನ್ನು ಮೀರುವ ಧೈರ್ಯ ನಮಗಿಲ್ಲ. ವಿಷಯ: ಹಬ್ಬ, ರಜೆ, ದಿನಾಚರಣೆಗಳ ನೆಪದಲ್ಲಿ ಶಾಲೆಯ ಮೇಷ್ಟ್ರುಗಳಿಗೂ ಮಿಸ್ಸುಗಳಿಗೂ ಏನು ಕೊಡಬೇಕು ಎಂಬುದು. ಅಧಿಕಾರಿ, ಎಂದರೆ ಇದನ್ನು ಓದಲು ಅರ್ಹನಾದವನು: ಸೆಪ್ಟೆಂಬರ್ 4ರ ರಾತ್ರಿ ಊಟ ಮುಗಿಸಿ ಕೈತೊಳೆಯುವಾಗ ‘ಅಪ್ಪಾ, ನಾಳೆ ಮಿಸ್ಸಿಗೆ ಏನಾದ್ರೂ ತಗೊಂಡೋಗ್ಬೇಕು’ ಎಂಬ ಮಾತು ಕಿವಿಗೆ ಬಿದ್ದ ತಂದೆ. ಸಂಬಂಧ: ಆ ಹೊತ್ತಿಗೆ ಅರ್ಧ ಷಟರ್ ಎಳೆದಿರುವ ಫ್ಯಾನ್ಸಿ ಸ್ಟೋರಿಗೂ ಅವನ ಜೇಬಿಗೂ ಇರುವಂಥದ್ದು. ಪ್ರಯೋಜನ: ಆ ರಾತ್ರಿಯ ನಿದ್ದೆ. ಮೋಕ್ಷ ಇದರಿಂದ ಸಿಗುವುದಿಲ್ಲ. ಅದಕ್ಕೆ ಬೇರೆ ಗ್ರಂಥಗಳಿವೆ.

ಅಧ್ಯಯನಕ್ಕೆ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳನ್ನೇ ಆರಿಸಿಕೊಳ್ಳಲು ಕಾರಣವಿದೆ. ಕಾಣಿಕೆಯ ವಿಚಾರದಲ್ಲಿ ಎರಡೂ ಊರಿನ ದೇವರುಗಳು ಪ್ರಮಾಣಪುರುಷರು. ಟಿಪ್ಪುವಿನ ಪಟ್ಟದಾನೆಗೆ ಕಣ್ಣು ಹೋಗಿ, ನಂಜುಂಡೇಶ್ವರನಿಗೆ ಹರಕೆ ಹೊತ್ತ ಮೇಲೆ ದೃಷ್ಟಿ ಮರಳಿತೆಂದೂ, ಸುಲ್ತಾನ ದೇವರನ್ನು ಹಕೀಂ ನಂಜುಂಡ ಎಂದು ಕರೆದು ಪಚ್ಚೆಯ ಲಿಂಗ ಒಪ್ಪಿಸಿದನೆಂದೂ ಪ್ರತೀತಿ. ಸೇವೆಗೆ ತಕ್ಕ ಕಾಣಿಕೆ ಎಂಬ ತತ್ತ್ವಕ್ಕೆ ಇದು ಒಳ್ಳೆಯ ಉದಾಹರಣೆ. ಅಷ್ಟೇ ಅಪಾಯಕಾರಿ ಉದಾಹರಣೆಯೂ ಹೌದು. ಆನೆಗೆ ಕಣ್ಣು ಬಂದದ್ದಕ್ಕೆ ಪಚ್ಚೆಲಿಂಗವಾದರೆ, ಎಂಟನೇ ಕ್ಲಾಸಿನಿಂದ ಬೀಜಗಣಿತವೇ ಕಾಣದಿದ್ದ ಹುಡುಗನಿಗೆ ಹತ್ತರಲ್ಲಿ ಅದು ಕಾಣುವಂತೆ ಮಾಡಿದ ಮೇಷ್ಟ್ರಿಗೆ ಏನು? ಈ ಲೆಕ್ಕ ಹಿಡಿದು ಹೊರಟರೆ ಗದ್ದೆ ಮಾರಬೇಕಾಗುತ್ತದೆ.

ಇನ್ನು ನರಸೀಪುರದ ಗುಂಜಾ ನರಸಿಂಹಸ್ವಾಮಿ. ಅವನ ಬೆರಳುಗಳ ನಡುವೆ ಒಂದು ಗುಲಗಂಜಿ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂಬುದು ನಂಬಿಕೆ. ಗುಲಗಂಜಿ ಎಂದರೆ ಸುಮಾರು 120 ಮಿಲಿಗ್ರಾಂ. ಹೆಚ್ಚುಗಾರಿಕೆಯನ್ನು ಇಷ್ಟು ನಿಖರವಾಗಿ, ಇಷ್ಟು ಕಡಿಮೆ ಖರ್ಚಿನಲ್ಲಿ ಸ್ಥಾಪಿಸಿದ ಕ್ಷೇತ್ರ ಮತ್ತೊಂದನ್ನು ನಾವು ಕಾಣೆವು. ಮುಂದೆ ಬರುವ ಗುಲಗಂಜಿ ನ್ಯಾಯಕ್ಕೆ ಇದೇ ಮೂಲ.

ಪೂರ್ವಪಕ್ಷ

ಪುರಾಣಗಳಲ್ಲಿ ಗುರುದಕ್ಷಿಣೆಯ ದರ ಏಕರೂಪವಾಗಿಲ್ಲ. ದ್ರೋಣರು ಒಂದು ಹೆಬ್ಬೆರಳಿಗೆ ಒಪ್ಪಿಕೊಂಡರು. ಅದೂ ಒಂದು ದಿನವೂ ಪಾಠ ಮಾಡದೆ. ಉತ್ತಂಕ ಗುರುಪತ್ನಿಗಾಗಿ ರಾಣಿಯ ಕಿವಿಯೋಲೆಯನ್ನೇ ಕೇಳಿ ತರಬೇಕಾಯಿತು. ತರುವ ದಾರಿಯಲ್ಲಿ ತಕ್ಷಕ ಅದನ್ನು ಕದ್ದ. ಆದರೆ ನಮ್ಮ ಶಾಸ್ತ್ರಕ್ಕೆ ಹೆಚ್ಚು ಉಪಯೋಗಕ್ಕೆ ಬರುವವನು ರಘುವಂಶದ ಕೌತ್ಸ. ಗುರು ವರತಂತು, ನಿನ್ನ ಸೇವೆಯೇ ಸಾಕು ಮಾರಾಯ, ಏನೂ ಬೇಡ ಎಂದಿದ್ದ. ಕೌತ್ಸ ಕೇಳಲಿಲ್ಲ. ಬೇಡ ಬೇಡವೆಂದರೂ ಮತ್ತೆ ಮತ್ತೆ ಪೀಡಿಸಿದ್ದಕ್ಕೆ ಗುರುವಿಗೆ ಸಿಟ್ಟು ನೆತ್ತಿಗೇರಿ, ಕಲಿಸಿದ 14 ವಿದ್ಯೆಗೆ 14 ಕೋಟಿ ಹೊನ್ನು ತಾ ಎಂದ. ವಿದ್ಯೆಗೊಂದು ಕೋಟಿ. ಈ ದರದಲ್ಲಿ ಎಸ್ಸೆಸ್ಸೆಲ್ಸಿಯ ಆರು ವಿಷಯಕ್ಕೆ ಆರು ಕೋಟಿ. ಪಿಟಿ ಮೇಷ್ಟ್ರನ್ನು ಇದರಲ್ಲಿ ಸೇರಿಸಿಲ್ಲ. ಕುಬೇರ ಹೊನ್ನಿನ ಮಳೆ ಸುರಿಸಿದ್ದರಿಂದ ರಘುಮಹಾರಾಜನೂ ಕೌತ್ಸನೂ ಬಚಾವಾದರು. ತಾಲ್ಲೂಕು ಪಂಚಾಯ್ತಿಯಲ್ಲಿ ಅಂಥ ಅನುದಾನ ಇಲ್ಲ. ಆದ್ದರಿಂದ ಪ್ರಥಮ ಸೂತ್ರ: ಬೇಡವೆಂದ ಮೇಷ್ಟ್ರನ್ನು ಒತ್ತಾಯಿಸಬಾರದು.

ಪುರಾಣಕ್ಕಿಂತ ನೆಚ್ಚಬಹುದಾದ ಪರಂಪರೆ ಕೂಲಿಮಠಗಳದು. ಸರ್ಕಾರಿ ಶಾಲೆಗಳು ಬರುವ ಮೊದಲು ಜಗುಲಿಯ ಮೇಲೆ ಮರಳು ಹರಡಿ ಅಕ್ಷರ ತಿದ್ದಿಸುತ್ತಿದ್ದ ಐಗಳಿಗೆ ತಿಂಗಳ ಸಂಬಳ ಎಲ್ಲಿಯದು? ಕಣದಲ್ಲಿ ಸಿಕ್ಕ ಭತ್ತ, ರಾಗಿಯೇ ಸಂಬಳ. ಮಾರ್ನಮಿ ಬಂತೆಂದರೆ ಅವರು ಮಕ್ಕಳ ಸಾಲು ಕಟ್ಟಿಕೊಂಡು ಮನೆಮನೆಯ ಮುಂದೆ ನಿಂತು ಚೌಪದನ ಹಾಡಿಸುತ್ತಿದ್ದರು. ಮನೆಯವರು ಗುರುಗಳಿಗೆ ಕೈಲಾದ ಕಾಣಿಕೆ ಕೊಡುತ್ತಿದ್ದರು. ಈ ಪದ್ಧತಿಯ ಶಾಸ್ತ್ರಶುದ್ಧಿಯನ್ನು ನೋಡಿ. ಏನು ಕೊಡುವುದೆಂದು ಪೋಷಕರು ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ, ಪಡೆಯುವವರೇ ಬಾಗಿಲಿಗೆ ಬರುತ್ತಿದ್ದರು. ಮಕ್ಕಳಿಗೆ ಪದ್ಯ ಬಾಯಿಪಾಠವಾಗುತ್ತಿತ್ತು. ಕೊಡದ ಮನೆ ಯಾವುದೆಂದು ಇಡೀ ಬೀದಿಗೆ ತಿಳಿಯುತ್ತಿತ್ತು. ಮೂರನ್ನೂ ಒಟ್ಟಿಗೆ ಸಾಧಿಸಿದ ಯೋಜನೆ ಶಿಕ್ಷಣ ಇಲಾಖೆಯಿಂದ ಇನ್ನೂ ಹೊರಬಂದಿಲ್ಲ.

ಆಧುನಿಕ ಯುಗ 1962ರಲ್ಲಿ, ಸೆಪ್ಟೆಂಬರ್ 5 ಶಿಕ್ಷಕರ ದಿನವಾದಾಗ ಆರಂಭ. ಈ ದಿನಕ್ಕೆ ಕಾರಣರಾದ ಡಾ. ರಾಧಾಕೃಷ್ಣನ್ ನಮ್ಮ ಮೈಸೂರಿನ ಮೇಷ್ಟ್ರೇ. 1918ರಿಂದ 1921ರವರೆಗೆ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಹೇಳಿದರು. ಕಲ್ಕತ್ತಾಕ್ಕೆ ಹೊರಟಾಗ ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಸಾರೋಟಿನಲ್ಲಿ ಅವರನ್ನು ಕೂರಿಸಿ, ಕುದುರೆಯ ಜಾಗದಲ್ಲಿ ತಾವೇ ನಿಂತು ರೈಲು ನಿಲ್ದಾಣದವರೆಗೆ ಎಳೆದರು. ದೊಡ್ಡ ಜಾತ್ರೆಯಲ್ಲಿ ಐದೈದು ತೇರು ಎಳೆಯುವ ನಂಜನಗೂಡಿನವರಿಗೆ ಇದೇನೂ ಕಷ್ಟವಲ್ಲ. ತೊಡಕಿರುವುದು ಕಾನೂನಿನಲ್ಲಿ. 2021ರವರೆಗೆ ಜಾರಿಯಲ್ಲಿದ್ದ, ರಾಜ್ಯದ ಸರ್ಕಾರಿ ನೌಕರರ 1966ರ ನಡತೆ ನಿಯಮಗಳ ಪ್ರಕಾರ ಪುಕ್ಕಟೆ ಪ್ರಯಾಣವೂ ಉಡುಗೊರೆಯೇ ಆಗಿತ್ತು! ರಾಧಾಕೃಷ್ಣನ್ 45 ವರ್ಷ ಮೊದಲೇ ರೈಲು ಹತ್ತಿದ್ದರಿಂದ ಅವರ ಮೇಲೆ ಇಲಾಖಾ ವಿಚಾರಣೆ ನಡೆಯಲಿಲ್ಲ.

ಅದೇ ನಿಯಮಗಳು ಅಪರೂಪಕ್ಕೊಂದು ಊಟ, ದಾರಿಯಲ್ಲಿ ಸಿಕ್ಕ ಲಿಫ್ಟು ಇವನ್ನು ಉಡುಗೊರೆಯೆಂದು ಎಣಿಸುತ್ತಿರಲಿಲ್ಲ. ಇಲ್ಲಿ ಮೀಮಾಂಸಕನಿಗೆ ಕೆಲಸ ಹುಟ್ಟುತ್ತದೆ. ಸಂಕ್ರಾಂತಿಯ ಆಚೀಚೆ ಒಂದು ಚೀಲ ಅವರೆಕಾಯಿ ತಂದು ಮೇಷ್ಟ್ರ ಸ್ಕೂಟರಿನ ಹುಕ್ಕಿಗೆ ಸಿಕ್ಕಿಸಿದರೆ ಅದು ಉಡುಗೊರೆ. ಅದೇ ಅವರೆಕಾಯಿಯನ್ನು ಬಿಡಿಸಿ, ಹಿದುಕಿ, ಸಾರು ಮಾಡಿ, ‘ಹೋಗ್ತಾ ಇದ್ರಲ್ಲ ಸಾ, ಒಂದ್ ಮುದ್ದೆ ಉಂಡ್ಕೊಂಡ್ ಹೋಗಿ’ ಎಂದು ಎಲೆ ಹಾಕಿದರೆ ಅದು ಆಕಸ್ಮಿಕ ಊಟ. ದ್ರವ್ಯ ಒಂದೇ, ಸಂಸ್ಕಾರದಿಂದ ಅದರ ಜಾತಿ ಬದಲಾಯಿತು. ಹಸಿ ಕೊಟ್ಟರೆ ದೋಷ, ಬೇಯಿಸಿ ಬಡಿಸಿದರೆ ಅತಿಥಿಸತ್ಕಾರ. ಇದು ದ್ವಿತೀಯ ಸೂತ್ರ.

ಗುಲಗಂಜಿ ನ್ಯಾಯ

ಈಗ ಪ್ರಕೃತಕ್ಕೆ ಬರೋಣ. ಐದನೇ ತಾರೀಕಿನ ಬೆಳಗ್ಗೆ ಒಂದು ಪ್ರೈಮರಿ ಶಾಲೆಯ ಟೇಬಲ್ಲನ್ನು ಹತ್ತಿರದಿಂದ ನೋಡಿ. ಚಾಕೊಲೇಟಿನ ಬೆಳ್ಳಿಕಾಗದವನ್ನು ಕಡ್ಡಿಗೆ ಸುತ್ತಿದ ಗುಲಾಬಿಗಳು. ಅದರಲ್ಲೊಂದಕ್ಕೆ ರಬ್ಬರ್ ಬ್ಯಾಂಡಿನಿಂದ ಪೆನ್ನು ಬಿಗಿದಿದೆ. ಪೆನ್ನಿನ ಕ್ಯಾಪಿನ ಮೇಲಿದ್ದ ಬೆಲೆಯ ಚೀಟಿಯನ್ನು ಯಾರೋ ಉಗುರಿನಿಂದ ಕೆರೆದಿದ್ದಾರೆ. ಪೂರ್ತಿ ಹೋಗಿಲ್ಲ, ಕೊನೆಯ ಸೊನ್ನೆ ಉಳಿದಿದೆ. ಆ ಸೊನ್ನೆಯ ಎಡಗಡೆ ಯಾವ ಅಂಕಿ ಇತ್ತು ಎಂಬುದೇ ಆ ದಿನ ತರಗತಿಯ ಮುಖ್ಯ ಪಠ್ಯ. ಕೊಟ್ಟ ಹುಡುಗಿ ಒಂದು ಅಂಕಿ ಹೇಳುತ್ತಾಳೆ, ಪಕ್ಕದವಳು ನಂಬುವುದಿಲ್ಲ.

ಸಂಜೆ ಈ ವಾರ್ತೆ ಮನೆಗಳನ್ನು ತಲುಪುತ್ತದೆ. ಮುಂದಿನ ವರ್ಷ ಪಕ್ಕದವಳ ತಂದೆ ಒಂದು ಗುಲಗಂಜಿ ತೂಕ ಹೆಚ್ಚಿನದನ್ನು ತರುತ್ತಾನೆ, ಡಬ್ಬಿಯಿರುವ ಪೆನ್ನು. ಅದರ ಮುಂದಿನ ವರ್ಷ ಮೊದಲನೆಯವಳ ತಂದೆ ಹೆಸರು ಬರೆಸಿದ ಕಾಫಿ ಮಗ್ಗು. ಹೆಚ್ಚು ಕೊಡಬೇಕೆಂದು ಯಾರಿಗೂ ಇಲ್ಲ; ಕಡಿಮೆಯಾಗಬಾರದು ಎಂದಷ್ಟೇ ಎಲ್ಲರಿಗೂ ಇರುವುದು. ಗುಲಗಂಜಿ ಗುಲಗಂಜಿಯಾಗಿ ಏರುತ್ತ ಏಳನೇ ತರಗತಿಗೆ ಬರುವಷ್ಟರಲ್ಲಿ ಕಾಣಿಕೆ ಮೈಸೂರ್ ಸಿಲ್ಕಿನ ಸರಹದ್ದು ಮುಟ್ಟುತ್ತದೆ. ಕಾನ್ವೆಂಟುಗಳಲ್ಲಿ ಡಿಸೆಂಬರಿನ ಕೇಕೂ ಸೇರುವುದರಿಂದ ಏರುವ ವೇಗ ಇನ್ನೂ ಹೆಚ್ಚು. ಮಿಸ್ಸಿಗೆ ಇದರಲ್ಲಿ ಯಾವ ಪಾತ್ರವೂ ಇಲ್ಲ. ಆಕೆ ಗುಲಾಬಿಗಳನ್ನು ಬಕೆಟ್ಟಿಗೆ ಹಾಕಿ ಹಾಜರಿ ಕೂಗುತ್ತಿರುತ್ತಾಳೆ.

ಈ ಏರಿಕೆಗೆ ನಂಜನಗೂಡಿನ ಕಡೆಯ ಪರಿಹಾರ ರಸಬಾಳೆ. ಅನುಕೂಲಕ್ಕಾಗಿ ಇದನ್ನು ಫಲವಾದ ಎನ್ನೋಣ. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆಗಳಂತೆ ಭೌಗೋಳಿಕ ಸೂಚಿಕೆ ಪಡೆದಿರುವ ಈ ಹಣ್ಣು ಸೊರಗು ರೋಗದ ಹೊಡೆತಕ್ಕೆ ಸಿಕ್ಕಿ ತುಂಬ ಕಡಿಮೆಯಾಗಿದೆ. ಅಸಲಿಯನ್ನು ಹುಡುಕುವುದೇ ಒಂದು ಸಂಶೋಧನೆ. ಹಾಗಾಗಿ ಕೊಟ್ಟವನಿಗೆ ಕೀರ್ತಿ, ತಿಂದವರಿಗೆ ಇದು ರಸಬಾಳೆಯೋ ಅಲ್ಲವೋ ಎಂದು ಸ್ಟಾಫ್ ರೂಮಿನಲ್ಲಿ ಒಂದು ಪೀರಿಯಡ್ಡಿನ ಚರ್ಚೆ, ಸಿಪ್ಪೆ ಹಸುವಿಗೆ. ಅತ್ತ ಕಾಲವೂ ತಿರುಗಿಕೊಂಡಿದೆ: 2022ರಿಂದ ರಾಜ್ಯದ ಶಾಲೆಗಳಲ್ಲಿ ಮೇಷ್ಟ್ರುಗಳೇ ಮಕ್ಕಳಿಗೆ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಎಣಿಸಿ ಕೊಟ್ಟು ಲೆಕ್ಕ ಬರೆಯಬೇಕು. ಶಿಷ್ಯ ಗುರುವಿಗೆ ಹಣ್ಣು ಒಪ್ಪಿಸುತ್ತಿದ್ದ ಸಂಪ್ರದಾಯ ಹೀಗೆ ತಲೆಕೆಳಗಾದದ್ದನ್ನು ಯಾವ ಸ್ಮೃತಿಕಾರನೂ ಊಹಿಸಿರಲಿಕ್ಕಿಲ್ಲ.

ಊರಿನ ಇನ್ನೊಂದು ಹೆಮ್ಮೆಯಾದ ನಂಜನಗೂಡು ಹಲ್ಲುಪುಡಿಯನ್ನು ಮಾತ್ರ ಶಾಸ್ತ್ರ ನಿಷೇಧಿಸುತ್ತದೆ. ಬಿ.ವಿ. ಪಂಡಿತರ ಸದ್ವೈದ್ಯಶಾಲೆ 1913ರಿಂದ ಇದೆ, ಪುಡಿಯ ಗುಣದಲ್ಲಿ ನಮಗೆ ಸಂಶಯವಿಲ್ಲ. ಆದರೆ ಮೊದಲನೇ ಬೆಂಚಿನಲ್ಲಿ ಕೂರುವ ಹುಡುಗ ಮೇಷ್ಟ್ರಿಗೆ ಹಲ್ಲುಪುಡಿ ಕೊಟ್ಟರೆ ಅದು ಕಾಣಿಕೆಯಲ್ಲ, ತಕರಾರು.

ಉತ್ಖನನ

ನರಸೀಪುರದಲ್ಲಿ 1960ರ ಆಚೀಚೆ ಪ್ರೊ. ಎಂ. ಶೇಷಾದ್ರಿಯವರು ನೆಲ ಅಗೆದು ನವಶಿಲಾಯುಗದ ಮಡಕೆಗಳನ್ನು ಹೊರತೆಗೆದರು. ಅದೇ ವಿಧಾನವನ್ನು ನಾವು ನಿವೃತ್ತ ಮೇಷ್ಟ್ರ ಮನೆಯ ಬೀರುವಿಗೆ ಅನ್ವಯಿಸುತ್ತೇವೆ. ಮೇಲಿನ ಪದರ: ಮಡಿಕೆ ಬಿಚ್ಚದ ಶಾಲುಗಳು ಮತ್ತು ಪ್ಲಾಸ್ಟಿಕ್ ಕವರಿನೊಳಗಿನ ಮೈಸೂರು ಪೇಟ. ಪೇಟವನ್ನು ತಲೆಗೆ ಇಟ್ಟದ್ದು ಒಮ್ಮೆ, ಫೋಟೋ ತೆಗೆಯುವಷ್ಟು ಹೊತ್ತು. ಅದರ ಕೆಳಗೆ ಗಾಜಿನ ಡಬ್ಬಿಯ ನೆನಪಿನ ಕಾಣಿಕೆಗಳು. ಇನ್ನೂ ಕೆಳಗೆ ಉಕ್ಕಿನ ಯುಗ: ಕೊಟ್ಟವರ ಹೆಸರು ಕೊರೆಸಿದ ಸ್ಟೀಲ್ ಲೋಟಗಳು. ಮಧ್ಯೆ ಮಧ್ಯೆ ರವಿಕೆ ಕಣಗಳ ಪದರ ಸಿಗುತ್ತದೆ. ಇದರ ಕಾಲನಿರ್ಣಯ ಸಾಧ್ಯವಿಲ್ಲ. ರವಿಕೆ ಕಣ ಹುಟ್ಟುವುದೂ ಇಲ್ಲ, ಹೊಲಿಸಿಕೊಳ್ಳುವುದೂ ಇಲ್ಲ, ಒಂದು ಬೀರುವಿನಿಂದ ಇನ್ನೊಂದು ಬೀರುವಿಗೆ ಅರಿಶಿನ ಕುಂಕುಮದ ಸಂಗಡ ಸಂಚರಿಸುತ್ತಿರುತ್ತದೆ.

ಗಮನಿಸಬೇಕಾದದ್ದು ಈ ಪದರಗಳಲ್ಲಿ ಏನು ಸಿಗುವುದಿಲ್ಲ ಎಂಬುದನ್ನು. ನಾಲ್ಕನೇ ಕ್ಲಾಸಿನವನು ಚಡ್ಡಿ ಜೇಬಿನಲ್ಲಿ ತಂದ ನೆಲ್ಲಿಕಾಯಿ, ಗದ್ದೆಯ ಬದುವಿನ ಸೊಪ್ಪು, ಬನ್ನೂರಿನ ಕಡೆಯಿಂದ ಬಂದ ಕಬ್ಬಿನ ಜಲ್ಲೆ, ಕಾಗದದಲ್ಲಿ ಸುತ್ತಿದ ಎಳ್ಳುಬೆಲ್ಲ. ಇವೆಲ್ಲ ಆ ಸಂಜೆಗೇ ಖರ್ಚಾದವು. ಸಾಕ್ಷ್ಯ ಉಳಿಯದ್ದರಿಂದ ವಿದ್ವಾಂಸರು ಇವನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಆದರೆ ನಿವೃತ್ತ ಮೇಷ್ಟ್ರನ್ನು ಕೇಳಿ ನೋಡಿ: ಶಾಲು ಹೊದಿಸಿದವರ ಹೆಸರು ನೆನಪಿರುವುದಿಲ್ಲ, ನೆಲ್ಲಿಕಾಯಿ ಕೊಟ್ಟವನ ಇನಿಷಿಯಲ್ ಸಮೇತ ಹೇಳುತ್ತಾರೆ.

2021ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ತನ್ನ ಸಮಾರಂಭಗಳಲ್ಲಿ ಹಾರ, ತುರಾಯಿ, ಶಾಲು, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ ಬೇಡ, ಬೇಕಿದ್ದರೆ ಕನ್ನಡ ಪುಸ್ತಕ ಕೊಡಿ ಎಂದು ಸುತ್ತೋಲೆ ಹೊರಡಿಸಿತು. ಒಳ್ಳೆಯ ಸುತ್ತೋಲೆ. ಅಂದಿನಿಂದ ಶಾಲಿನ ಜೊತೆ ಪುಸ್ತಕವನ್ನೂ ಕೊಡುತ್ತಿದ್ದಾರೆ.

ಉಳಿದದ್ದು ಗುಂಪುಕಾಣಿಕೆ, ಎಂದರೆ ಬೀಳ್ಕೊಡುಗೆಯ ದಿನ ಹತ್ತನೇ ತರಗತಿಯವರು ಹಣ ಹಾಕಿ ಶಾಲೆಗೇ ಒಂದು ವಸ್ತು ಕೊಡುವುದು. ತಿರುಮಕೂಡಲಿನಲ್ಲಿ ಕೂಡುವುದು ಮೂರು: ಕಾವೇರಿ, ಕಪಿಲೆ, ಮತ್ತು ಕಣ್ಣಿಗೆ ಕಾಣದ ಸ್ಫಟಿಕ ಸರೋವರ. ಗುಂಪುಕಾಣಿಕೆಯಲ್ಲೂ ಹಾಗೆಯೇ, ಇಬ್ಬರು ಹಣ ಹಾಕುತ್ತಾರೆ, ಮೂರನೆಯವನು ಹಾಕಿದ್ದಾನೆಂಬ ನಂಬಿಕೆ ಇರುತ್ತದೆ. ಹಾಗೆ ಕೂಡಿದ ಹಣದಲ್ಲಿ ಬರುವುದು ಬಹುತೇಕ ಗೋಡೆ ಗಡಿಯಾರ. ಡಯಲ್ಲಿನ ಮೇಲೆ ಸಾಲು, ಇಸವಿ, ‘ಎಸ್ಸೆಸ್ಸೆಲ್ಸಿ ವಿದ್ಯಾರ್ಥಿಗಳ ಕೊಡುಗೆ’. ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಇಂಥವು ಸಾಲಾಗಿ ನೇತಾಡುತ್ತವೆ: ಒಂದರಲ್ಲಿ ಹತ್ತೂ ಇಪ್ಪತ್ತು, ಇನ್ನೊಂದರಲ್ಲಿ ಎರಡೂವರೆ, ಮತ್ತೊಂದರ ಸೆಕೆಂಡಿನ ಮುಳ್ಳು ಒಂದೇ ಕಡೆ ಮಿಡುಕುತ್ತದೆ. ಮುಖ್ಯೋಪಾಧ್ಯಾಯರು ಗಂಟೆ ಹೊಡೆಸಲು ಮೊಬೈಲು ನೋಡುತ್ತಾರೆ.

ಆದ್ದರಿಂದ ಎರಡೂ ತಾಲ್ಲೂಕಿನ ಹತ್ತನೇ ತರಗತಿಯವರಲ್ಲಿ ಈ ಮೀಮಾಂಸೆಯ ಅರಿಕೆ: ಈ ಸಲ ಹೊಸ ಗಡಿಯಾರ ಬೇಡ. ಒಂದೊಂದಕ್ಕೆ ಒಂದೊಂದು ಪೆನ್ಸಿಲ್ ಸೆಲ್ಲು ತನ್ನಿ, ಬೆಂಚು ಹತ್ತಿ ಹಾಕಿ, ಟೈಮು ಸರಿ ಮಾಡಿ ಇಳಿಯಿರಿ. ಬೆಂಚು ಅಲ್ಲಾಡದಂತೆ ಹಿಡಿದುಕೊಳ್ಳಲು ಆ ಮೂರನೆಯವನನ್ನು ಕರೆಯಿರಿ.