ಹಿಂದಿನ ಬೆಂಚಿನ ಕಡೆ ನೋಡುವ ಮೇಷ್ಟ್ರು

ಅವನನ್ನು ಗುರುತಿಸುವುದು ಕಷ್ಟವಲ್ಲ. ಬೆಳಗಿನ ಬಸ್ಸಿನಲ್ಲಿ ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ ತೊಟ್ಟು, ಕಂಕುಳಲ್ಲಿ ರೋಲಪ್ ಬೋರ್ಡು ಸಿಕ್ಕಿಸಿ, ಒಂದು ಕೈಯಲ್ಲಿ ಥರ್ಮೋಕೋಲಿನ ಮನೆ, ಇನ್ನೊಂದರಲ್ಲಿ ಬ್ರೌನ್ ಕವರ್ ಹಾಕಿದ ಲೆಸನ್ ಪ್ಲಾನ್ ಪುಸ್ತಕ ಹಿಡಿದು, ಕಂಬಿ ಹಿಡಿಯಲು ಮೂರನೆಯ ಕೈಯಿಲ್ಲದೆ ಕಂಡಕ್ಟರಿಗೇ ಒರಗಿ ನಿಂತಿರುತ್ತಾನಲ್ಲ, ಅವನೇ ಬಿ.ಎಡ್. ಪ್ರಶಿಕ್ಷಣಾರ್ಥಿ. ಮೆಥಡ್ಡು ಇಂಗ್ಲಿಷ್ ಮತ್ತು ಸಮಾಜ ವಿಜ್ಞಾನ. ಡಿಗ್ರಿವರೆಗೂ ಕನ್ನಡ ಮಾಧ್ಯಮದಲ್ಲೇ ಓದಿದವನು ಇಂಗ್ಲಿಷನ್ನೇ ಏಕೆ ಆರಿಸಿಕೊಂಡ ಎಂದು ಕೇಳಿದರೆ, ‘ಪೋಸ್ಟ್ ಜಾಸ್ತಿ ಕರೀತಾರೆ ಸರ್’ ಎನ್ನುತ್ತಾನೆ.

ಶಾಲೆಯ ಮಕ್ಕಳು ಅವನನ್ನು ‘ಬಿಎಡ್ ಸರ್’ ಎಂದು ಕರೆಯುತ್ತಾರೆ. ಖಾಯಂ ಮೇಷ್ಟ್ರು ಬರೀ ‘ಸರ್’.

ಹಿಂದೆ ಈ ಸಂಕಟ ಒಂದೇ ವರ್ಷದ್ದಾಗಿತ್ತು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿ ಬಂದು ಕೋರ್ಸು ಎರಡು ವರ್ಷವಾಯಿತು; ಶಾಲೆಯಲ್ಲಿ ಕಳೆಯಬೇಕಾದ ಕಾಲ 20 ವಾರವಾಯಿತು. ಮೊದಲ ವರ್ಷ 4, ಎರಡನೆಯ ವರ್ಷ 16. ಹೆಸರೂ ಇಂಟರ್ನ್‌ಶಿಪ್ ಎಂದು ದೊಡ್ಡದಾಯಿತು, ಆದರೆ ಸ್ಟಾಫ್ ರೂಮಿನಲ್ಲಿ ಇವತ್ತಿಗೂ ಅದು ಪ್ರಾಕ್ಟೀಸ್ ಟೀಚಿಂಗೇ. ಹೆಡ್ಮಾಸ್ಟರಿಗೆ ಈ 16 ವಾರ ದೇವರು ಕೊಟ್ಟ ಎಕ್ಸ್‌ಟ್ರಾ ಸ್ಟಾಫು. ರಜೆ ಹಾಕಿದವರ ಪೀರಿಯಡ್ಡು, ಬಿಸಿಯೂಟದ ಸಾಲು, ಪ್ರತಿಭಾ ಕಾರಂಜಿಯ ಶಾಮಿಯಾನ, ಎಲ್ಲಕ್ಕೂ ಬಿಎಡ್ ಸರ್. ಒಂದೇ ಒಂದು ಕರಾರು: ‘ಎಂಟು, ಒಂಬತ್ತು ಏನ್ ಬೇಕಾದ್ರೂ ಮಾಡ್ಕೊಳ್ಳಿ. ಟೆಂತ್ ಮಾತ್ರ ಮುಟ್ಟಬೇಡಿ, ರಿಸಲ್ಟಿನ ಪ್ರಶ್ನೆ.’

ನಿಜವಾದ ಮಕ್ಕಳ ಮುಂದೆ ನಿಲ್ಲುವ ಮೊದಲು ಅವನು ನಕಲಿ ಮಕ್ಕಳ ಮುಂದೆ ನಿಂತಿರುತ್ತಾನೆ. ಇದಕ್ಕೆ ಮೈಕ್ರೋ ಟೀಚಿಂಗ್ ಎಂದು ಹೆಸರು. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಡ್ವೈಟ್ ಆಲೆನ್ ಮತ್ತು ಸಂಗಡಿಗರು ಹುಟ್ಟುಹಾಕಿದ ಈ ಪದ್ಧತಿ ನಮ್ಮಲ್ಲಿಗೆ ಬಂದು 36 ನಿಮಿಷದ ಚಕ್ರವಾಯಿತು: 6 ನಿಮಿಷ ಪಾಠ, 6 ನಿಮಿಷ ವಿಮರ್ಶೆ, 12 ನಿಮಿಷ ತಿದ್ದುಪಡಿ, ಮತ್ತೆ 6 ನಿಮಿಷ ಪಾಠ, ಮತ್ತೆ 6 ನಿಮಿಷ ವಿಮರ್ಶೆ. ಒಂದು ಸಲಕ್ಕೆ ಒಂದೇ ಕೌಶಲ. ಸೋಮವಾರ ಪೀಠಿಕೆ ಹಾಕುವುದು, ಮಂಗಳವಾರ ಪ್ರಶ್ನೆ ಕೇಳುವುದು, ಬುಧವಾರ ಶಹಬ್ಬಾಸ್ ಹೇಳುವುದು. ಎದುರಿಗೆ ಕೂತ ಎಂಟನೇ ಕ್ಲಾಸಿನ ವಿದ್ಯಾರ್ಥಿಗಳು ಯಾರೆಂದರೆ ಅವನದೇ ಸಹಪಾಠಿಗಳು. ಒಬ್ಬಾಕೆಗೆ ಎರಡು ಮಕ್ಕಳು, ಇನ್ನೊಬ್ಬನಿಗೆ ಅರ್ಧ ತಲೆ ಬೋಳು. ಅರ್ಧ ಬೋಳಿನವನು ಎದ್ದು ಕೈಕಟ್ಟಿ, ‘ಸರ್, ಆ್ಯಪಲ್ ಈಸ್ ಎ ವೆಜಿಟೇಬಲ್’ ಎನ್ನುತ್ತಾನೆ. ಹಾಗೆನ್ನಬೇಕೆಂದು ಕ್ಯಾಂಟೀನಿನಲ್ಲೇ ಮಾತಾಗಿರುತ್ತದೆ, ಏಕೆಂದರೆ ತಪ್ಪು ಉತ್ತರ ತಿದ್ದುವುದಕ್ಕೂ ಅಂಕವಿದೆ. ಬುಧವಾರದ ಪಾಠದಲ್ಲಿ ‘ವೆರಿ ಗುಡ್’, ‘ಎಕ್ಸಲೆಂಟ್’ಗಳು ಎಷ್ಟು ಉದುರುತ್ತವೆಂದರೆ, ಕಿಟಕಿ ಮುಚ್ಚಲು ಬಂದ ಅಟೆಂಡರನಿಗೂ ಒಂದು ಸಿಗುತ್ತದೆ.

ಆಮೇಲೆ ಶಾಲೆ.

ಶಾಲೆಯ ಮಕ್ಕಳ ವಿಷಯದಲ್ಲಿ ಅವನಿಗೆ ಯಾರೂ ಹೇಳಿರದ ಸಂಗತಿ ಒಂದಿದೆ: ಅವರು ಅನುಭವಸ್ಥರು. ಬಿ.ಎಡ್. ಕಾಲೇಜಿನ ಆಸುಪಾಸಿನ ಶಾಲೆಗೆ ವರ್ಷವರ್ಷವೂ ಒಂದು ಬ್ಯಾಚ್ ಬಂದು ಹೋಗುತ್ತದೆ. ಪಾಠದ ಹೆಸರನ್ನು ಮೇಷ್ಟ್ರು ತಾವೇ ಹೇಳಬಾರದು, ಮಕ್ಕಳ ಬಾಯಿಂದಲೇ ಬರಿಸಬೇಕು ಎಂಬುದು ಪೀಠಿಕೆಯ ನಿಯಮ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ಪಂಡಿತ ಹರ್ಬಾರ್ಟ್‌ನ ಶಿಷ್ಯರು ಕಟ್ಟಿದ ಐದು ಮೆಟ್ಟಿಲುಗಳಿಂದ ಇಳಿದುಬಂದ ಶಿಸ್ತು ಅದು. ಈಗ ಹರ್ಬಾರ್ಟ್ ಹೋಗಿ, ಅಮೆರಿಕದಲ್ಲಿ ವಿಜ್ಞಾನದ ಪಾಠಕ್ಕೆಂದು ಹುಟ್ಟಿದ ‘5ಇ’ ಬಂದಿದೆಯಾಗಿ, ಪ್ರಯೋಗಾಲಯದ ಕಪ್ಪೆಗೆ ಹೊಲಿದ ಅಂಗಿಯನ್ನು ಪದ್ಯಗಳೂ ತೊಡಬೇಕಾಗಿದೆ. ಆದರೆ ಪೀಠಿಕೆ ಮಾತ್ರ ಎಲ್ಲೂ ಹೋಗಿಲ್ಲ. ಬಿಎಡ್ ಸರ್ ಐದು ಪ್ರಶ್ನೆ ಬರೆದುಕೊಂಡು ಬಂದಿರುತ್ತಾನೆ. ‘ವೇರ್ ಡು ಬರ್ಡ್ಸ್ ಲಿವ್?’ ಎಂಬ ಮೊದಲನೆಯದಕ್ಕೇ ಮುಂದಿನ ಬೆಂಚಿನ ಹುಡುಗಿ ಎದ್ದು ಪದ್ಯದ ಹೆಸರು, ಕವಿಯ ಹೆಸರು, ಪುಟ ಸಂಖ್ಯೆ ಮೂರನ್ನೂ ಹೇಳಿ ಕೂರುತ್ತಾಳೆ. ಉಳಿದ ನಾಲ್ಕು ಪ್ರಶ್ನೆಗಳನ್ನು ಏನು ಮಾಡುವುದು? ಪ್ಲಾನಿನಲ್ಲಿವೆ, ಕೇಳಲೇಬೇಕು. ‘ಗುಡ್, ಬಟ್ ವೇಟ್’ ಎಂದು ಅವಳನ್ನು ತಡೆದು, ಗೊತ್ತಾಗಿಹೋದ ಗುಟ್ಟಿನ ಕಡೆ ಇನ್ನೂ ನಾಲ್ಕು ಹೆಜ್ಜೆ ನಡೆಯುತ್ತಾನೆ.

ಇಷ್ಟೆಲ್ಲ ಯಾರಿಗಾಗಿ? ಅವನ ಕಣ್ಣು ಹಿಂದಿನ ಬೆಂಚಿನ ಮೇಲೆ. ಅಲ್ಲಿ ಸೂಪರ್‌ವೈಸರ್ ಕೂತಿರುತ್ತಾರೆ ಅಥವಾ ಯಾವ ಗಳಿಗೆಯಲ್ಲಾದರೂ ಬಂದು ಕೂರಬಹುದು. ಒಬ್ಬ ಲೆಕ್ಚರರು ಒಂದೇ ಪೀರಿಯಡ್ಡಿನಲ್ಲಿ ನಾಲ್ಕು ಸೆಕ್ಷನ್ ನೋಡಬೇಕಾದ್ದರಿಂದ ಪಾಲಿಗೆ ಹತ್ತು ನಿಮಿಷ. ಆ ಹತ್ತು ನಿಮಿಷ ಪಾಠದ ನಡುವೆ ಬಂದರೆ ಪೀಠಿಕೆಯ ಅಂಕಕ್ಕೆ ಏನು ಗತಿ? ಹಾಗಾಗಿ ಮೂವತ್ತನೆಯ ನಿಮಿಷದಲ್ಲಿ, ಪದ್ಯದ ಕೊನೆಯ ಚರಣದಲ್ಲಿರುವಾಗ, ಬಾಗಿಲಲ್ಲಿ ಸೂಪರ್‌ವೈಸರ್ ನೆರಳು ಬಿದ್ದರೆ ಬಿಎಡ್ ಸರ್ ಡಸ್ಟರ್ ತೆಗೆದುಕೊಂಡು ಬೋರ್ಡನ್ನು ಸಲೀಸಾಗಿ ಒರೆಸಿ, ಕ್ಲಾಸಿನ ಕಡೆ ತಿರುಗಿ, ‘ಗುಡ್ ಮಾರ್ನಿಂಗ್ ಸ್ಟೂಡೆಂಟ್ಸ್’ ಎನ್ನುತ್ತಾನೆ. ನಲವತ್ತು ಮಕ್ಕಳೂ ಒಂದು ಚೂರೂ ಆಶ್ಚರ್ಯ ತೋರದೆ ಎದ್ದು ನಿಂತು ‘ಗುಡ್ ಮಾರ್ನಿಂಗ್ ಸಾ…ರ್’ ಎಂದು ರಾಗ ಎಳೆಯುತ್ತಾರೆ. ಪದ್ಯದ ಹೆಸರು ಮೊದಲೇ ಹೇಳಿದ ಹುಡುಗಿ ಈ ಸಲ ಐದನೆಯ ಪ್ರಶ್ನೆವರೆಗೂ ಬಾಯಿ ಬಿಡುವುದಿಲ್ಲ. ಆಮೇಲೆ ಈಗಷ್ಟೇ ಹೊಳೆದವಳಂತೆ ಎದ್ದು ಹೇಳುತ್ತಾಳೆ. ರಂಗಾಯಣದಲ್ಲೂ ಇಷ್ಟು ಹದವರಿತ ನಟನೆ ದಿನಾ ಸಿಗುವುದಿಲ್ಲ.

ಸೂಪರ್‌ವೈಸರಿಗೆ ಇದೆಲ್ಲ ಗೊತ್ತಿಲ್ಲವೆಂದಲ್ಲ. ಅವರೂ ಒಂದು ಕಾಲಕ್ಕೆ ಹೀಗೇ ಬೋರ್ಡು ಒರೆಸಿದವರೇ. ಕೆಂಪು ಇಂಕಿನಲ್ಲಿ ‘ಧ್ವನಿ ಚೆನ್ನಾಗಿದೆ. ಕಪ್ಪುಹಲಗೆ ಕೆಲಸ ಸುಧಾರಿಸಲಿ. ಮಿಂಚುಪಟ್ಟಿ ಕಾಣುವಂತೆ ಹಿಡಿಯಿರಿ’ ಎಂದು ಬರೆದು, ಸಹಿ ಹಾಕಿ, ಪಕ್ಕದ ಸೆಕ್ಷನ್ನಿಗೆ ಹೋಗುತ್ತಾರೆ. ಅಲ್ಲಿಂದಲೂ ಒಂದು ‘ಗುಡ್ ಮಾರ್ನಿಂಗ್ ಸಾ…ರ್’ ಕೇಳಿಬರುತ್ತದೆ. ಮೂಲೆಯಲ್ಲಿ ಕೂತ ಸಹಪಾಠಿ ವೀಕ್ಷಕರ ಕೆಲಸ ಇನ್ನೂ ಚುರುಕು. ‘ಬೋಧನೋಪಕರಣಗಳ ಬಳಕೆ ಉತ್ತಮ’ ಎಂಬ ಸಾಲು ಅವರ ಪುಸ್ತಕದಲ್ಲಿ ಚಾರ್ಟು ಬಿಚ್ಚುವ ಮೊದಲೇ ಬಿದ್ದಿರುತ್ತದೆ. ನಾಳೆ ಇವನು ಅವರಿಗೆ ಬರೆಯಬೇಕಲ್ಲ.

ವ್ಯಾಕರಣದ ದಿನ ಬಂದರೆ ಪಾಠ ಯಾವುದೆಂದು ಊಹಿಸಲು ಪಂಚಾಂಗ ಬೇಡ, ಡಿಗ್ರೀಸ್ ಆಫ್ ಕಂಪ್ಯಾರಿಸನ್. ಉಪಕರಣಕ್ಕೆ ಖರ್ಚಿಲ್ಲ, ಮೂವರು ಹುಡುಗರನ್ನು ಎಬ್ಬಿಸಿ ಸಾಲಾಗಿ ನಿಲ್ಲಿಸಿದರಾಯಿತು: ಟಾಲ್, ಟಾಲರ್, ಟಾಲೆಸ್ಟ್. ಕರೆಯುವ ಮೊದಲೇ ಮೂವರೂ ಎದ್ದು ಬಂದು ತಮ್ಮ ತಮ್ಮ ಜಾಗದಲ್ಲಿ ನಿಲ್ಲುತ್ತಾರೆ. ಎಂಟನೇ ಕ್ಲಾಸಿನಲ್ಲಿ ‘ಟಾಲ್’ ಆಗಿದ್ದ ಹುಡುಗ ಒಂಬತ್ತಕ್ಕೆ ಬರುವಾಗ ಬೆಳೆದು ‘ಟಾಲೆಸ್ಟ್’ ಆಗಿದ್ದಾನೆ. ಬೇರೆ ಯಾವ ಪಾಠವೂ ಅವನಲ್ಲಿ ಇಷ್ಟು ಪ್ರಗತಿ ತಂದದ್ದಿಲ್ಲ.

ರಾತ್ರಿ ಹಾಸ್ಟೆಲಿನಲ್ಲಿ ಅವನು ಮೆಥಡ್ ಪೇಪರಿಗೆ ‘ಬೆಂಗಳೂರು ಪ್ರಾಜೆಕ್ಟ್’ ಉರು ಹೊಡೆಯುತ್ತಾನೆ, ಹತ್ತು ಅಂಕದ್ದು. 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಎನ್.ಎಸ್. ಪ್ರಭು ನಡೆಸಿದ ಪ್ರಯೋಗ ಅದು. ವ್ಯಾಕರಣದ ಪಟ್ಟಿಯನ್ನು ಬದಿಗಿಟ್ಟು, ಮಕ್ಕಳಿಗೆ ರೈಲಿನ ವೇಳಾಪಟ್ಟಿ, ನಕ್ಷೆ ಇಂಥವನ್ನು ಕೊಟ್ಟು ಲೆಕ್ಕ ಬಿಡಿಸಲು ಹಚ್ಚಿದರು. ಮನಸ್ಸು ಅರ್ಥದ ಕಡೆ ತೊಡಗಿದರೆ ಭಾಷೆ ತಾನಾಗಿ ಕೂಡುತ್ತದೆಂಬುದು ಅವರ ನಂಬಿಕೆ. 1987ರಲ್ಲಿ ಪ್ರಭು ಬರೆದ ‘ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ’ ಪುಸ್ತಕ ಬಂತು. ಟಾಸ್ಕ್ ಮೂಲಕ ಭಾಷೆ ಕಲಿಸುವ ಮಾತು ಎಲ್ಲೇ ಎದ್ದರೂ ಬೆಂಗಳೂರಿನ ಹೆಸರು ಬಾರದೆ ಇರುವುದಿಲ್ಲ. ಬಿಎಡ್ ಸರ್ ಇದನ್ನು ಗುಣಗಳು ಆರು, ದೋಷಗಳು ನಾಲ್ಕು ಎಂದು ಬಾಯಿಪಾಠ ಮಾಡಿ, ಬೆಳಗ್ಗೆ ಎದ್ದು ಟಾಲ್, ಟಾಲರ್‌ಗೆ ಹೊರಡುತ್ತಾನೆ. ಅವನನ್ನು ಅನ್ನುವುದಾದರೂ ಹೇಗೆ? ರೈಲಿನ ವೇಳಾಪಟ್ಟಿಗೆ ಲೆಸನ್ ಪ್ಲಾನಿನಲ್ಲಿ ಕಾಲಂ ಇಲ್ಲ.

ಕೊನೆಗೆ ಫೈನಲ್ ಪಾಠ. ಬೇರೆ ಊರಿನಿಂದ ಎಕ್ಸ್‌ಟರ್ನಲ್ ಬರುತ್ತಾರೆ. ಅದೇ ಕ್ಲಾಸಿಗೆ ಅದೇ ಪಾಠ ಎರಡು ಸಲ ರಿಹರ್ಸಲ್ ಆಗಿರುವುದರಿಂದ ಮಕ್ಕಳ ಉತ್ತರ ಪ್ರಶ್ನೆಗಿಂತ ತುಸು ಮುಂಚೆಯೇ ಬರುತ್ತದೆ. ಹಾಗೆ ಎಲ್ಲ ಸುಸೂತ್ರವಾಗಿ ಸಾಗುತ್ತಿರುವಾಗ ಎಕ್ಸ್‌ಟರ್ನಲ್ ಪಕ್ಕದ ಹುಡುಗನ ಕಡೆ ಬಾಗಿ, ಪ್ಲಾನಿನಲ್ಲಿ ಎಲ್ಲೂ ಇಲ್ಲದ ಪ್ರಶ್ನೆ ಕೇಳಿಬಿಡುತ್ತಾರೆ: ಬೆಳಗ್ಗೆ ಏನು ತಿಂದೆ, ಇಂಗ್ಲಿಷಿನಲ್ಲಿ ಹೇಳು. ಬಿಎಡ್ ಸರ್ ಕೈಯಲ್ಲಿ ಸೀಮೆಸುಣ್ಣ ಎರಡು ತುಂಡಾಗುತ್ತದೆ. ಹುಡುಗ ತಲೆ ಕೆರೆದುಕೊಂಡು ಹೇಳುತ್ತಾನೆ: ‘ನೋ ಈಟ್ ಸರ್. ಬಸ್ ಕೇಮ್.’

ಮುಂದಿನಿಂದ ಬಿಎಡ್ ಸರ್ ‘ಐ ಡಿಡ್ ನಾಟ್…’ ಎಂದು ತಿದ್ದಲು ಹೊರಡುತ್ತಾನೆ. ಎಕ್ಸ್‌ಟರ್ನಲ್ ಕೈ ಎತ್ತಿ ಅವನನ್ನು ಸುಮ್ಮನಾಗಿಸಿ, ಯಾವ ಬಸ್ಸು, ಎಷ್ಟು ಹೊತ್ತಿಗೆ, ಮುಂದಿನದು ಯಾವಾಗ ಎಂದು ಹುಡುಗನನ್ನು ವಿಚಾರಿಸುತ್ತಾ ಕೂರುತ್ತಾರೆ. ಹುಡುಗ ವ್ಯಾಕರಣದ ಕೈಕಾಲು ಮುರಿಯುತ್ತಲೇ ಎಲ್ಲಕ್ಕೂ ಉತ್ತರ ಕೊಡುತ್ತಾನೆ. ಎರಡು ನಿಮಿಷ ನಡೆದ ಈ ಸಂಭಾಷಣೆಯನ್ನು ಯಾವ ಕಾಲಂನಲ್ಲಿ ಬರೆಯುವುದೆಂದು ತಿಳಿಯದೆ ವೀಕ್ಷಕರು ಪೆನ್ನಿನ ಕ್ಯಾಪ್ ಕಚ್ಚುತ್ತಾರೆ.

ಮರುವಾರ ಬ್ಯಾಚು ಖಾಲಿ. ಥರ್ಮೋಕೋಲಿನ ಮನೆ ಸ್ಟಾಫ್ ರೂಮಿನ ಬೀರು ಏರುತ್ತದೆ, ಡಿಗ್ರೀಸ್ ಚಾರ್ಟು ಹೆಡ್ಮಾಸ್ಟರ ಮೇಜಿನ ಹಾಸಾಗುತ್ತದೆ. ಖಾಯಂ ಇಂಗ್ಲಿಷ್ ಮಿಸ್ಸು ಎಂಟನೇ ಕ್ಲಾಸಿಗೆ ಬಂದು, ಟೆಸ್ಟು ಹತ್ತಿರ ಬಂತು, ಬಿಎಡ್ ಸರ್ ಪದ್ಯ ಎಲ್ಲಿವರೆಗೆ ಮಾಡಿದ್ದಾರೆ ಎಂದು ಕೇಳುತ್ತಾರೆ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಲ್ಲುತ್ತಾಳೆ.

‘ಪೀಠಿಕೆ ನಾಲ್ಕು ಸಲ ಆಗಿದೆ ಮಿಸ್.’