ದೊಡ್ಡಮ್ಮನ ಜಡೆ

ಡೆಬೊರಾ ಫೆಲ್ಡ್‌ಮನ್‌ಳ ‘ಅನ್‌ಆರ್ಥೊಡಾಕ್ಸ್’ ಆತ್ಮಕಥೆ ಹಿಡಿದು ಕೂತಾಗ ನನ್ನ ಲೆಕ್ಕ ಸರಳವಾಗಿತ್ತು. ಹುಡುಗಿ ಕಟ್ಟುಪಾಡಿನ ಮನೆಯಿಂದ ತಪ್ಪಿಸಿಕೊಳ್ಳುತ್ತಾಳೆ, ನಾನು ದಿಂಬಿಗೊರಗಿ ‘ಓಡು ಮಗಳೇ’ ಅನ್ನಬೇಕು. ಮೂವತ್ತು ಪುಟ ದಾಟುವುದರೊಳಗೆ ಅವಳನ್ನು ಬಿಟ್ಟು ಅವಳಜ್ಜಿಯ ಅಡುಗೆಮನೆಯಲ್ಲಿ ಕಾಲು ಚಾಚಿ ಕೂತಿದ್ದೆ.

ಅದು ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗಿನಲ್ಲಿರುವ ಸತ್ಮಾರ್ ಯಹೂದಿಗಳ ಮನೆ. ಈಗಿನ ರೊಮೇನಿಯಾದ ಸತು ಮಾರೆ ಊರಿನ ಹೆಸರು ಹೊತ್ತ ಪಂಥ. ಹಿಟ್ಲರನಿಂದ ಅಳಿದುಳಿದವರನ್ನು ಕಟ್ಟಿಕೊಂಡು ಯೋಯೆಲ್ ಟೈಟಲ್‌ಬಾಮ್ ಎಂಬ ಗುರುಗಳು ಅದನ್ನು ಅಮೆರಿಕದಲ್ಲಿ ಮತ್ತೆ ಊರಿದರು. ಮನೆಮಾತು ಯಿಡ್ಡಿಷ್, ಇಂಗ್ಲಿಷ್ ಮೈಲಿಗೆ. ಹಾಲಿನ ಪಾತ್ರೆ ಬೇರೆ, ಮಾಂಸದ ಪಾತ್ರೆ ಬೇರೆ. ಸೌಟು ಅದಲುಬದಲಾದರೆ ಕೆಟ್ಟಿತು. ನಮ್ಮಜ್ಜಿ ಮಾಂಸ ಕಂಡವಳಲ್ಲ. ಆದರೆ ಮುಸುರೆ ಕೈಯಲ್ಲಿ ಮೊಸರಿನ ಗಡಿಗೆ ಮುಟ್ಟಿ ನಾನು ತಿಂದ ಬೈಗುಳವನ್ನು ಯಿಡ್ಡಿಷ್‌ಗೆ ತರ್ಜುಮೆ ಮಾಡಿದ್ದರೆ ಆ ಮನೆಯಲ್ಲಿ ಒಂದಕ್ಷರವನ್ನೂ ತಿದ್ದಬೇಕಿರಲಿಲ್ಲ.

ಡೆಬೊರಾ ಇಂಗ್ಲಿಷ್ ಕಾದಂಬರಿಗಳನ್ನು ಹಾಸಿಗೆಯಡಿ ಬಚ್ಚಿಡುತ್ತಿದ್ದಳು. ನನ್ನದು ಸಣ್ಣ ಕಳ್ಳತನ: ಸಮಾಜ ಪಾಠದ ಪುಸ್ತಕದೊಳಗೆ ತ್ರಿವೇಣಿ. ಅಜ್ಜಿ ಕಿತ್ತುಕೊಂಡು ಹೋದಳು. ಎರಡು ದಿನ ಕಳೆದ ಮೇಲೆ ಮೆಲ್ಲಗೆ ಬಂದು, “ಆ ಹುಡುಗಿ ಕೊನೇಗೆ ಏನಾದಳೇ? ಕಡೇ ಹಾಳೆ ಹರಿದುಹೋಗಿದೆಯಲ್ಲ” ಅಂದಳು.

ಮದುವೆಯ ಭಾಗಕ್ಕೆ ಬಂದಾಗ ಮಾತ್ರ ನಗು ನಿಂತಿತು. 17ಕ್ಕೆ ಮದುವೆ, ಆದಮೇಲೆ ತಲೆ ಬೋಳು, ಅದರ ಮೇಲೆ ವಿಗ್. ನಮ್ಮಜ್ಜಿಯದೂ ಕೆಂಪು ಸೀರೆಯ ಸೆರಗಿನಡಿ ಬೋಳು ತಲೆಯೇ. ಅಲ್ಲಿ ಗಂಡ ಬಂದದ್ದಕ್ಕೆ, ಇಲ್ಲಿ ಗಂಡ ಹೋದದ್ದಕ್ಕೆ. ಕ್ಷೌರದವನು ಹಿತ್ತಲ ಬಾಗಿಲಿಗೆ ಬರುವ ದಿನ ಮಕ್ಕಳನ್ನೆಲ್ಲ ಅಂಗಡಿಗೆ ಅಟ್ಟುತ್ತಿದ್ದರು, ಪ್ರತಿ ಸಲವೂ ಸಾಸಿವೆ ತರಲು. ನಮ್ಮ ಮನೆಯಲ್ಲಿ ಅಷ್ಟೊಂದು ಸಾಸಿವೆ ಯಾಕಿತ್ತೆಂದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ.

ವಿಗ್ಗಿನ ಮಾತು ಬಂತಲ್ಲ. 2004ರಲ್ಲಿ ಜೆರುಸಲೇಮಿನ ಹಿರಿಯ ರಬ್ಬಿ ಎಲ್ಯಾಶಿವ್, ತಿರುಪತಿಯ ಮುಡಿಯಿಂದ ಮಾಡಿದ ವಿಗ್ ತೊಡಕೂಡದು, ಅದು ವಿಗ್ರಹಪೂಜೆಯ ಕಾಣಿಕೆ ಎಂದು ಅಪ್ಪಣೆ ಕೊಟ್ಟರು. ಲಂಡನ್ನಿನಿಂದ ಒಬ್ಬ ರಬ್ಬಿ ತಿರುಪತಿಗೇ ಬಂದು ಕಣ್ಣಾರೆ ನೋಡಿಹೋಗಿದ್ದರು. (ಲಡ್ಡು ಮುಟ್ಟಿರಲಾರರು, ಪಾಪ.) ಬ್ರೂಕ್ಲಿನ್ನಿನ ಬೀದಿಯಲ್ಲಿ ಹೆಂಗಸರು ಸಾವಿರಾರು ಡಾಲರಿನ ವಿಗ್ಗುಗಳನ್ನು ಬೆಂಕಿಗೆ ಹಾಕಿದರು.

ಅದರ ಹಿಂದಿನ ವರ್ಷವೇ ನಮ್ಮ ದೊಡ್ಡಮ್ಮ, ಮಗನಿಗೆ ಕೆಲಸ ಸಿಕ್ಕಿದ ಹರಕೆಗೆ, ಕಲ್ಯಾಣಕಟ್ಟೆಯಲ್ಲಿ ಟೋಕನ್ನು, ಅರ್ಧ ಬ್ಲೇಡು ಹಿಡಿದು ಸಾಲಿನಲ್ಲಿ ನಿಂತು, ಸೊಂಟ ದಾಟಿದ ಜಡೆ ಕೊಟ್ಟುಬಂದಿದ್ದಳು.

ಡೆಬೊರಾ ಕಾಲೇಜಿಗೆ ಸೇರಿ, ಮಗನನ್ನು ಕಟ್ಟಿಕೊಂಡು ಹೊರಬಿದ್ದು, 2012ರಲ್ಲಿ ಪುಸ್ತಕ ಪ್ರಕಟಿಸಿ, ಆಮೇಲೆ ಹೋಗಿ ನೆಲೆಸಿದ್ದು ಬೇರೆಲ್ಲೂ ಅಲ್ಲ, ಬರ್ಲಿನ್‌ನಲ್ಲಿ. ಪುಸ್ತಕ ಮಡಚಿಟ್ಟು ದೊಡ್ಡಮ್ಮನಿಗೆ ಫೋನು ಮಾಡಿದೆ. ಬೆಂಕಿಯ ಕತೆ ಹೇಳಿದೆ. ಎಂಬತ್ತು ದಾಟಿದ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ಸೀಗೆಪುಡಿ ಹಾಕಿ ಬೆಳೆಸಿದ ಕೂದಲು ಕಣೇ,” ಅಂದಳು. “ಸುಡೋಕೆ ಮುಂಚೆ ಯಾರಾದರೂ ಒಂದು ಮದುವೆಗಾದರೂ ಹಾಕ್ಕೊಂಡು ಹೋಗಿದ್ದರಂತಾ?”